ಒಂದೇ ದ್ರಾಕ್ಷಿ, ಮೂರು ರುಚಿ

ಕ್ರಿಸ್ಮಸ್ ಹತ್ತಿರ ಬಂತೆಂದರೆ ನಮ್ಮ ಅನೇಕ ಮನೆಗಳಲ್ಲಿ ಭರಣಿ ಅಟ್ಟದಿಂದ ಕೆಳಗಿಳಿಯುತ್ತದೆ. ಕಪ್ಪು ದ್ರಾಕ್ಷಿ, ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ. ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕುವುದು ಮಕ್ಕಳ ಕೆಲಸ. ಆದರೆ ಕಳೆದ ಸಲ ನಮ್ಮ ಮನೆಗೆ ಬೇರೆಯೇ ಅತಿಥಿ ಬಂತು. ಹಡಗಿನಲ್ಲಿ ಕೆಲಸಕ್ಕಿರುವ ತಮ್ಮ ರಜೆಯಲ್ಲಿ ಬರುವಾಗ ಪೋರ್ಚುಗಲ್‌ನ ಪೋರ್ಟ್ ವೈನಿನ ಮೂರು ಅರ್ಧ ಬಾಟಲಿ ತಂದಿದ್ದ.

"ಪೋರ್ಟ್ ವೈನೇ? ಅದು ಬಾಣಂತಿಯರಿಗೆ ಕೊಡುವುದಲ್ಲವಾ!" ಎಂದರು ದೊಡ್ಡತ್ತೆ. ತಮ್ಮನ ಹೆಂಡತಿಗೆ ಹೆರಿಗೆಯಾಗಿ ಆಗಷ್ಟೇ ಎರಡು ತಿಂಗಳು. ಅತ್ತೆಯ ಕಣ್ಣು ಅವಳ ಮೇಲೇ ಇತ್ತು.

ಮೊದಲು ಒಂದು ಮಾತು. ನಮ್ಮ ದೇಶದಲ್ಲಿ 'ಪೋರ್ಟ್ ವೈನ್' ಹೆಸರಿನಲ್ಲಿ ಮಾರುವ ಸಿಹಿ ಕೆಂಪು ವೈನ್‌ಗಳಿವೆ, ಗೋವಾದ್ದು ಹೆಸರುವಾಸಿ. ಅವು ಬೇರೆ. ಮೂಲ ಪೋರ್ಟ್ ಪೋರ್ಚುಗಲ್‌ನ ದೋರು ನದಿಯ ಕಣಿವೆಯದು. 1756ರಲ್ಲೇ ಅಲ್ಲಿನ ಸರಕಾರ ಈ ವೈನಿನ ಪ್ರದೇಶಕ್ಕೆ ಗಡಿ ಗುರುತಿಸಿತ್ತು. ನದಿ ಸಮುದ್ರ ಸೇರುವಲ್ಲಿರುವ ಪೋರ್ತೊ ನಗರದಿಂದ ಅದಕ್ಕೆ ಈ ಹೆಸರು.

ನಮ್ಮ ಭರಣಿಯಲ್ಲಿ ಈಸ್ಟ್ ದ್ರಾಕ್ಷಿಯ ಸಿಹಿಯನ್ನು ತಿಂದು ಮದ್ಯವಾಗಿಸುತ್ತಾ ಹೋಗುತ್ತದೆ. ಪೋರ್ಟ್ ಮಾಡುವವರು ಅದನ್ನು ಅರ್ಧದಲ್ಲೇ ತಡೆಯುತ್ತಾರೆ. ದ್ರಾಕ್ಷಿಯಿಂದಲೇ ತೆಗೆದ, ಶೇಕಡಾ 77 ಮದ್ಯಾಂಶದ ಸಾರವನ್ನು ಸುರಿದಾಗ ಈಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ. ಹೀಗಾಗಿ ಪೋರ್ಟ್‌ನಲ್ಲಿ ಮದ್ಯಾಂಶ ಸುಮಾರು ಶೇಕಡಾ 20. ನಾಲಿಗೆಗೆ ಶರಬತ್ತು, ತಲೆಗೆ ಅಲ್ಲ!

ಊಟವಾದ ಮೇಲೆ ನಾವು ನಾಲ್ವರು ಹಿರಿಯರು ಮೇಜಿನ ಸುತ್ತ ಕುಳಿತೆವು. ತಲಾ ಮೂರು ಸಣ್ಣ ಗ್ಲಾಸು, ಪ್ರತಿಯೊಂದರಲ್ಲಿ 30 ಮಿಲಿಲೀಟರ್ ಮಾತ್ರ. ಬಣ್ಣ ನೋಡಲು ಕೆಳಗೆ ಬಿಳಿ ಕಾಗದ, ನಡುವೆ ಬಾಯಿ ತೊಳೆಯಲು ನೀರು ಮತ್ತು ಖಾಲಿ ಬ್ರೆಡ್. ನೋಡುವುದು, ಮೂಸುವುದು, ಆಮೇಲೆ ಒಂದೇ ಗುಟುಕು.

ಮೊದಲನೆಯದು 'ರೂಬಿ'. ಹೆಸರಿನಂತೆ ಮಾಣಿಕ್ಯದ ಕೆಂಪು. ದೊಡ್ಡ ತೊಟ್ಟಿಗಳಲ್ಲಿ ಎರಡು ಮೂರು ವರ್ಷ ಇಟ್ಟು ಬಾಟಲಿಗೆ ತುಂಬುವುದರಿಂದ ಹಣ್ಣಿನ ಹೊಸತನ ಆರಿರುವುದಿಲ್ಲ. "ನೇರಳೆ ಹಣ್ಣು ತಿಂದ ಹಾಗಿದೆ" ಎಂದ ತಮ್ಮ.

ಎರಡನೆಯದು 'ಲೇಟ್ ಬಾಟಲ್ಡ್ ವಿಂಟೇಜ್'. ಒಂದೇ ವರ್ಷದ ಕೊಯ್ಲಿನದ್ದು, ನಾಲ್ಕರಿಂದ ಆರು ವರ್ಷ ಕಾದು ಬಾಟಲಿಗಿಳಿದದ್ದು. ಬಣ್ಣ ಇನ್ನೂ ಗಾಢ. ಕೊನೆಯಲ್ಲಿ ಕಡು ಚಹಾದ ಒಗರು ನಾಲಿಗೆಯನ್ನು ಹಿಡಿಯುತ್ತದೆ. ನನ್ನ ಯಜಮಾನರಿಗೆ ಇದೇ ಹಿಡಿಸಿತು.

ಮೂರನೆಯದು 'ಟೌನಿ', 10 ವರ್ಷದ್ದು. ಹಾಗೆಂದರೆ ಒಂದೇ ವರ್ಷದ ವೈನ್ ಅಲ್ಲ. ಬೇರೆ ಬೇರೆ ವರ್ಷಗಳದ್ದನ್ನು ಬೆರೆಸಿ ಆ ವಯಸ್ಸಿನ ಗುಣ ಬರಿಸಿದ್ದು. ಸಣ್ಣ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕುಳಿತಾಗ ಗಾಳಿ ನಿಧಾನವಾಗಿ ತಾಗಿ ಕೆಂಪು ಮಾಸುತ್ತದೆ, ಕಂದು ಏರುತ್ತದೆ. ನಾವು ಪದ ಹುಡುಕುತ್ತಿರುವಾಗಲೇ ಅತ್ತೆ ಮೂಸಿ ಹೇಳಿದರು: "ಬೆಲ್ಲದ ಪಾಕ. ಜೊತೆಗೆ ಹುರಿದ ಗೇರುಬೀಜ." ಎಲ್ಲರೂ ಇನ್ನೊಮ್ಮೆ ಮೂಸಿದೆವು. ಹೌದು, ಅದೇ!

ಮೂರರ ದ್ರಾಕ್ಷಿಯೂ ಒಂದೇ ಕಣಿವೆಯದು, ಮಾಡುವ ಕ್ರಮವೂ ಒಂದೇ. ಆಮೇಲಿನ ದಿನಗಳನ್ನು ಎಲ್ಲಿ, ಎಷ್ಟು ಕಾಲ ಕಳೆಯಿತು ಎಂಬುದರಲ್ಲೇ ವ್ಯತ್ಯಾಸ. ರೂಬಿ ಪ್ಲಮ್ ಕೇಕಿಗೆ, ಟೌನಿ ಗೇರುಬೀಜಕ್ಕೆ ಹೊಂದಿತು. ತೆರೆದ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು ಮೊದಲೆರಡನ್ನು ಒಂದು ವಾರದೊಳಗೆ ಮುಗಿಸುವುದು ಒಳ್ಳೆಯದು. ಗಾಳಿಗೆ ಒಗ್ಗಿದ ಟೌನಿ ಕೆಲವು ವಾರ ತಡೆಯುತ್ತದೆ.

ಅಷ್ಟರಲ್ಲಿ ಅತ್ತೆ ಒಂದು ಗ್ಲಾಸು ರೂಬಿ ಹಿಡಿದು ಬಾಣಂತಿಯ ಕೋಣೆಗೆ ಹೊರಟರು. "ರಕ್ತ ಆಗ್ತದೆ ಮಗಾ, ಕುಡಿ. ಸಂತ ಪೌಲರೇ ತಿಮೊಥೆಗೆ ಹೇಳಲಿಲ್ಲವಾ?"

ಹುಡುಗಿ ಸಂಕೋಚದಿಂದ ನನ್ನ ಮುಖ ನೋಡಿದಳು. ಹಿರಿಯರಿಗೆ ಬೇಡ ಎನ್ನುವುದು ಹೇಗೆ? ನಾನು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಅತ್ತೇ, ಈ ಕೆಂಪು ದ್ರಾಕ್ಷಿಯ ಸಿಪ್ಪೆಯದು, ರಕ್ತದ್ದಲ್ಲ. ತಾಯಿ ಕುಡಿದ ಮದ್ಯ ಹಾಲಿನಲ್ಲೂ ಇಳಿಯುತ್ತದೆ. ನಾವು ಮೂರು ಸಣ್ಣ ಗ್ಲಾಸಿನಲ್ಲಿ ಕುಡಿದದ್ದೇ ಒಂದು ಚಿಕ್ಕ ಬಾಟಲಿ ಬಿಯರಿಗಿಂತ ಹೆಚ್ಚು. ಗರ್ಭಿಣಿಗಂತೂ ಇಷ್ಟು ಕುಡಿದರೆ ತೊಂದರೆಯಿಲ್ಲ ಎಂಬ ಲೆಕ್ಕವೇ ಇಲ್ಲ. ರಕ್ತ ಕಡಿಮೆಯಾದರೆ ಡಾಕ್ಟರು ಕೊಟ್ಟ ಕಬ್ಬಿಣಾಂಶದ ಮಾತ್ರೆ ಇದೆಯಲ್ಲ."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೆ ನನ್ನಮ್ಮ ಕೊಟ್ಟಿದ್ದರು," ಎಂದರು ಮೆಲ್ಲಗೆ.

"ಪ್ರೀತಿಯಿಂದ ಕೊಟ್ಟರು ಅತ್ತೇ. ಆಗ ತಿಳಿದಿದ್ದದ್ದು ಅಷ್ಟೇ."

ಅವರು ಗ್ಲಾಸನ್ನು ಮೇಜಿಗೆ ತಂದಿಟ್ಟು ಅಡುಗೆಮನೆಗೆ ನಡೆದರು. ಸ್ವಲ್ಪ ಹೊತ್ತಿನಲ್ಲಿ ತೆಂಗಿನ ಹಾಲು, ಬೆಲ್ಲ ಹಾಕಿದ ಮೆಂತೆ ಗಂಜಿಯ ಪರಿಮಳ ಮನೆ ತುಂಬಿತು. ಬಾಣಂತಿ ಬಟ್ಟಲು ಖಾಲಿ ಮಾಡುವವರೆಗೂ ಅತ್ತೆ ಪಕ್ಕದಿಂದ ಏಳಲಿಲ್ಲ.

ಹಬ್ಬದ ಮೇಜಿನಲ್ಲಿ ವೈನ್ ಇರಲಿ, ಗುಟುಕಿನ ಲೆಕ್ಕದಲ್ಲಿ. ನಿಮ್ಮ ಮನೆಯಲ್ಲೂ ಬಾಣಂತಿಗೆಂದು ಎತ್ತಿಟ್ಟ ಬಾಟಲಿ ಇದ್ದರೆ ಇಂದೇ ಹಿರಿಯರ ಬಳಿ ಕುಳಿತು ಮಾತನಾಡಿ. ಅವರ ಪ್ರೀತಿಯನ್ನು ತಳ್ಳಬೇಡಿ, ಗ್ಲಾಸನ್ನು ಮಾತ್ರ ಬದಲಿಸಿ.