12 ಮೈಕ್ರಾನ್ ಬರೀ ಎರಡು ಮಾರ್ಕ್ಸಿಗಲ್ಲ

ಪರೀಕ್ಷೆಯಲ್ಲಿ ‘6 ಎಚ್7’ ಅಂದರೇನು ಅಂತ ಕೇಳಿದರೆ ನಾವೆಲ್ಲ ಬರೀತೀವಿ: ತೂತಿನ ವ್ಯಾಸ 6.000 ಮಿ.ಮೀ.ಗಿಂತ ಕಡಿಮೆ ಇರಬಾರದು, 6.012 ದಾಟಬಾರದು. ಎರಡು ಮಾರ್ಕ್ಸ್ ಬರುತ್ತೆ. ಆದರೆ ಅಂಥದ್ದೊಂದು ತೂತು ಮಾಡಿ ತೋರಿಸಿ ಅಂದರೆ? ನಾವು ಐದು ಜನ ಸೆಕೆಂಡ್ ಇಯರ್‌ನವರಿಗೆ ಬರಲಿಲ್ಲ.

ನಮ್ಮ ರೋಬೋ ತೋಳಿನ ಕೀಲಿಗೆ 10 ಮಿ.ಮೀ. ದಪ್ಪದ ಅಲ್ಯುಮಿನಿಯಂ ಪಟ್ಟಿ ತಗೊಂಡು, 6ರ ಡ್ರಿಲ್ ಬಿಟ್ ಹಾಕಿ ಒಂದೇ ಸಲಕ್ಕೆ ತೂತು ಹೊಡೆದೆವು. ಪಿನ್ ಸಡಿಲ ಆಯ್ತು. ತೋಳಿನ ತುದಿಯಲ್ಲಿ ನಾಲ್ಕೈದು ಮಿ.ಮೀ. ಅಲುಗಾಟ. ಕೋಡ್ ತಪ್ಪಿದೆ ಅಂತ ಎರಡು ರಾತ್ರಿ ಕೋಡ್ ತಿದ್ದಿದೆವು. ಸ್ಪರ್ಧೆಯಲ್ಲಿ ಸೋತ ಮೇಲೆ ಗೊತ್ತಾಯ್ತು, ತಪ್ಪು ಇದ್ದದ್ದು ತೂತಿನಲ್ಲಿ.

ಡ್ರಿಲ್ ಬಿಟ್ ಇರೋದು ಲೋಹ ಬೇಗ ತೆಗೆಯೋಕೆ. ಅದರ ಎರಡು ತುಟಿ ಒಂದಿಷ್ಟು ಹೆಚ್ಚುಕಡಿಮೆ ಇದ್ದರೂ ತೂತು ದೊಡ್ಡದಾಗುತ್ತೆ, ಪೂರ್ತಿ ದುಂಡಗೂ ಇರಲ್ಲ. ಆ ತೂತನ್ನು ಕೊನೆಗೆ ತೆಳ್ಳಗೆ ಹೆರೆದು ಅಳತೆಗೆ ತರೋದು ರೀಮರ್.

ಅದನ್ನು ಕಲಿಯೋಕೆ ಅಮೀನಗಡ, ಹುನಗುಂದ ದಾಟಿ ಇಳಕಲ್‌ನ ಗೆಳೆಯನ ಮನೆಗೆ ಹೋದೆವು. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಶೆಡ್ಡಿನಲ್ಲಿ ಅವನ ಕಾಕಾನ ಹಳೇ ಬೆಂಚ್ ಡ್ರಿಲ್. ಕಾಕಾ ಮೊದಲು ಹೇಳಿದ್ದು ಒಂದೇ ಮಾತು: “ಅವಸರ ಮಾಡಬ್ಯಾಡ್ರಿ ತಮ್ಮಾ. ತೂತು ದೊಡ್ಡದಾತಂದ್ರ ಮತ್ತ ಸಣ್ಣದು ಮಾಡಾಕ ಬರಂಗಿಲ್ಲ.”

ಪಂಚ್ ಹೊಡೆದು, ಸೆಂಟರ್ ಡ್ರಿಲ್ ಹಾಕಿ, 5.8ರ ಬಿಟ್‌ನಿಂದ ಕೊರೆದೆವು. 0.2 ಮಿ.ಮೀ. ರೀಮರ್‌ಗೆ ಬಿಡಬೇಕು, ತೀರಾ ಕಡಿಮೆ ಬಿಟ್ಟರೆ ಅದು ಕತ್ತರಿಸಲ್ಲ, ಬರೀ ಉಜ್ಜುತ್ತೆ. ಪಟ್ಟಿಯನ್ನು ವೈಸ್‌ನಿಂದ ಬಿಚ್ಚದೆ ಅದೇ ಜಾಗದಲ್ಲೇ ರೀಮರ್ ಹಾಕಬೇಕು. ಯಾಕಂದರೆ ರೀಮರ್ ಮೊದಲಿನ ತೂತಿನ ಹಿಂದೇ ಹೋಗುತ್ತೆ, ಓರೆಯಾಗಿದ್ದರೆ ಸರಿ ಮಾಡಲ್ಲ. ವೇಗ ಡ್ರಿಲ್ಲಿಂಗ್‌ನ ಅರ್ಧ ಅಥವಾ ಇನ್ನೂ ಕಡಿಮೆ. ಅಲ್ಯುಮಿನಿಯಂ ಅಂಟು ಸ್ವಭಾವದ್ದು: ಚೂರು ಅಲಗಿಗೆ ಮೆತ್ತಿಕೊಂಡರೆ ತೂತಿನ ಗೋಡೆ ಹರಿಯುತ್ತೆ, ಅಳತೆಯೂ ಮೀರುತ್ತೆ. ಅದಕ್ಕೆ ಚಿಮಣಿ ಎಣ್ಣೆ ಧಾರಾಳವಾಗಿ ಹಾಕಬೇಕು. ರೀಮರ್ ಹಿಂದಕ್ಕೆ ತಿರುಗಿಸೋ ಹಾಗೇ ಇಲ್ಲ. ಹೊರಗೆ ತೆಗೆಯುವಾಗಲೂ ಮುಂದಕ್ಕೇ ತಿರುಗುತ್ತಿರಬೇಕು.

ಬಿಸಿ ಲೆಕ್ಕಕ್ಕೂ ಬೆಲೆ ಇದೆ ಅಂತ ಅಲ್ಲೇ ಗೊತ್ತಾಗಿದ್ದು. ಅಲ್ಯುಮಿನಿಯಂ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತೆ. ಪಟ್ಟಿ 30 ಡಿಗ್ರಿ ಕಾದರೆ 6 ಮಿ.ಮೀ. ತೂತು 4 ಮೈಕ್ರಾನ್ ದೊಡ್ಡದು. ನಮಗಿರೋ 12ರಲ್ಲಿ ಮೂರನೇ ಒಂದು ಪಾಲು ಬರೀ ಬಿಸಿಗೇ ಹೋಯ್ತು! ಆರಿದ ಮೇಲೇ ಅಳೀಬೇಕು.

ಮೊದಲ ಎರಡು ತೂತು ಸ್ಕ್ರ್ಯಾಪ್‌ಗೆ. ಮೂರನೆಯದರಲ್ಲಿ ಪಿನ್ ತನ್ನ ಭಾರಕ್ಕೇ ನಿಧಾನವಾಗಿ ಇಳೀತು, ಅಲುಗಾಡಲಿಲ್ಲ. ನಾವು ಐದೂ ಜನ ಸುಮ್ಮನೆ ಅದನ್ನೇ ನೋಡ್ತಾ ನಿಂತೆವು.

“ಈಗೆಲ್ಲ ಸಿಎನ್‌ಸಿ ಮಾಡುತ್ತೆ, ನಮಗ್ಯಾಕೆ?” ಅಂತ ಕೆಲವರು ಕೇಳ್ತಾರೆ. ಸಿಎನ್‌ಸಿ ಮಷೀನೂ ಮೊದಲು ಡ್ರಿಲ್, ಆಮೇಲೆ ರೀಮರ್ ಅಂತಲೇ ಹೋಗಬಹುದು. ಎಷ್ಟು ಬಿಡಬೇಕು, ಯಾವ ವೇಗ ಅಂತ ಹೇಳಬೇಕಾದವರು ನಾವೇ. ಬೇಡದ ಕಡೆಯೂ ಎಚ್7 ಬರೆದು ಖರ್ಚು ಏರಿಸೋರೂ ನಾವೇ.

ಮನೆಯಲ್ಲಿ ಸೂಕ್ಷ್ಮ ಕೆಲಸ ಮಾಡೋದು ಈ ಕಡೆ ಹೊಸದೇನಲ್ಲ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಕುಣಿಕೆಯಾಗಿ ಕೂಡಿಸೋದು ಇಂಥ ಮನೆಗಳಲ್ಲೇ. ಇಂಗ್ಲಿಷ್ ಮೀಡಿಯಂನಲ್ಲಿ ‘ಟಾಲರೆನ್ಸ್’ ಕಲಿತ ನಮಗೆ ಅದರ ಅರ್ಥ ಆದದ್ದೂ ಅಲ್ಲೇ, ಕಾಕಾನ ಕನ್ನಡದಲ್ಲಿ.

ಹಾಗಾಗಿ ನಮ್ಮ ಬೇಡಿಕೆ ಸಣ್ಣದು. ವರ್ಕ್‌ಶಾಪ್ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ಒಂದಾದರೂ ತೂತು ರೀಮ್ ಮಾಡಲಿ. ಅದು ಬರೋವರೆಗೆ ಐದು ಜನ ಸೇರಿ ಒಂದು ರೀಮರ್ ತಗೊಳ್ಳಿ, ಯಾರದಾದರೂ ಮನೆ ಶೆಡ್ಡಿಗೆ ಹೋಗಿ. ಕನ್ನಡಕ ಹಾಕ್ಕೊಳ್ಳಿ, ಕೈಗವಸು ಬೇಡ, ಪಟ್ಟಿ ಗಟ್ಟಿಯಾಗಿ ಬಿಗೀರಿ. ಅವಸರ ಮಾತ್ರ ಮಾಡಬೇಡಿ.