ದೇವಗಡದ ದೀಪ ನನಗೆ ಕಲಿಸಿದ್ದು

ಮೊಸಳೆಯಂತಹ ಒಳನಾಡಿನ ಊರಿನಲ್ಲಿ ಹುಟ್ಟಿ, ಹಾಸನದ ಸುತ್ತಮುತ್ತಲ ಶಾಲೆಗಳಲ್ಲಿಯೇ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನಗೆ ಸಮುದ್ರವೆಂದರೆ ಭೂಪಟದ ನೀಲಿ ಬಣ್ಣವಷ್ಟೇ ಆಗಿತ್ತು. ತರಗತಿಯಲ್ಲಿ ದೀಪಸ್ತಂಭದ ಪ್ರಸ್ತಾಪ ಬಂದಾಗ, “ಕಾರ್ತಿಕ ಮಾಸದಲ್ಲಿ ಗುಡಿಯ ಮುಂದೆ ಕಂಬಕ್ಕೇರಿಸುವ ಆಕಾಶದೀಪವಿದೆಯಲ್ಲ, ಅದೇ ಸಮುದ್ರದಲ್ಲಿ ದೊಡ್ಡದಾಗಿ ನಿಂತಿದೆ ಎಂದುಕೊಳ್ಳಿ” ಎನ್ನುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಈ ಮಾತು ನೆನಪಿರಬಹುದು. ಆ ಹೋಲಿಕೆ ತಪ್ಪಾಗಿತ್ತೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ನಿವೃತ್ತನಾದ ಮೇಲೆ, 2012ರ ಜನವರಿಯಲ್ಲಿ, ಕಾರವಾರದಲ್ಲಿ ನೌಕರಿಯಲ್ಲಿದ್ದ ಶಿಷ್ಯನೊಬ್ಬ, “ಮೇಷ್ಟ್ರೇ, ನೀವು ಪಾಠದಲ್ಲಿ ಹೇಳಿದ ದೀಪಸ್ತಂಭವನ್ನು ಕಣ್ಣಾರೆ ನೋಡಿ ಬನ್ನಿ” ಎಂದು ಕರೆಸಿಕೊಂಡ. ಬೆಳಗಿನ ಜಾವ ಅವನ ಮನೆಯ ಎರಡು ಸೈಕಲ್ಲುಗಳನ್ನೇರಿ ಬೈತಖೋಲ ಬಂದರಿನ ಕಡೆಗೆ ಹೊರಟೆವು. ಓದುವ ದಿನಗಳಲ್ಲಿ ಮೊಸಳೆಯಿಂದ ಹಾಸನಕ್ಕೆ ಸೈಕಲ್ ತುಳಿದ ಕಾಲುಗಳು ಅರವತ್ತು ದಾಟಿದ ಮೇಲೂ ಕೈಬಿಡಲಿಲ್ಲ. ಒಂದು ಪಕ್ಕದಲ್ಲಿ ಗುಡ್ಡ, ಇನ್ನೊಂದು ಪಕ್ಕದಲ್ಲಿ ಕಡಲು. ಗಾಳಿಯಲ್ಲಿ ಮೀನಿನ ವಾಸನೆ.

ದೋಣಿ ಹತ್ತುವಾಗ ಒಂದು ಪ್ರಸಂಗ ನಡೆಯಿತು. ದೋಣಿಯವನು ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ ಕೊಟ್ಟ. ಕಡಲು ಶಾಂತವಾಗಿತ್ತು, ಜಾಕೆಟ್ಟಿನಿಂದ ಬೆವರಿನ ವಾಸನೆ ಬರುತ್ತಿತ್ತು. “ಇದೆಲ್ಲ ಬೇಡಪ್ಪ” ಎಂದೆ. ಅವನು ಎಂಜಿನ್ ನಿಲ್ಲಿಸಿ, “ಮಾಸ್ತರೇ, ಅದನ್ನು ಹಾಕದಿದ್ದರೆ ದೋಣಿ ಬಿಡುವುದಿಲ್ಲ” ಎಂದು ಸುಮ್ಮನೆ ಕುಳಿತುಬಿಟ್ಟ. ಶಿಷ್ಯನ ಎದುರಿಗೆ ನನಗೆ ಸ್ವಲ್ಪ ಮುಜುಗರವೇ ಆಯಿತು. ಹಾಕಿಕೊಂಡೆ.

ದೇವಗಡವನ್ನು ಬ್ರಿಟಿಷರು ಆಯ್‌ಸ್ಟರ್ ರಾಕ್ ಎಂದು ಕರೆದರು. ಅಲ್ಲಿಯ ದೀಪಸ್ತಂಭ 1864ರದು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಗಿತ್ತು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಅಭಾವವುಂಟಾಗಿ, ಧಾರವಾಡ ಸೀಮೆಯ ಹತ್ತಿಯನ್ನು ಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸಲು ಹೊರಟ ಕಾಲವದು. ಹಡಗುಗಳು ಬರಬೇಕಾದರೆ ಬಂಡೆಗಳೆಲ್ಲಿವೆ ಎಂದು ತಿಳಿಯಬೇಕು. ಅದಕ್ಕೆ ದೀಪ ಬೇಕು.

ಏರುದಾರಿಯನ್ನು ಹತ್ತಿ ಮೇಲೆ ಹೋದಾಗ, ಅಲ್ಲಿದ್ದ ಸಿಬ್ಬಂದಿಯೊಬ್ಬರು ನಮಗೆ ತಾಳ್ಮೆಯಿಂದ ವಿವರಿಸಿದರು. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ 1820ರ ದಶಕದಲ್ಲಿ, ಗಾಜಿನ ಪಟ್ಟಕಗಳನ್ನು ಉಂಗುರಗಳಂತೆ ಜೋಡಿಸಿ ಸಣ್ಣ ಜ್ವಾಲೆಯ ಬೆಳಕನ್ನು ಬಹುದೂರ ಕಳುಹಿಸುವ ಉಪಾಯ ಕಂಡುಹಿಡಿದ. ಒಂದೊಂದು ದೀಪಸ್ತಂಭ ಮಿನುಗುವ ಲಯವೂ ಬೇರೆ. ಎಷ್ಟು ಸೆಕೆಂಡಿಗೊಮ್ಮೆ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಿ, ಇದು ಯಾವ ಊರಿನ ದೀಪವೆಂದು ನಾವಿಕ ತಿಳಿಯುತ್ತಾನೆ. “ಈಗ ಜಿಪಿಎಸ್ ಇದೆಯಲ್ಲ, ಇದೇಕೆ?” ಎಂದು ಕೇಳಿದೆ. “ಅದು ಕೆಟ್ಟ ದಿನ ಇದು ಬೇಕಲ್ಲ ಸರ್” ಎಂದರು.

ಹಿಂದಿರುಗುವಾಗ ನನ್ನ ಹೋಲಿಕೆ ಎಲ್ಲಿ ತಪ್ಪಿತ್ತೆಂದು ಹೊಳೆಯಿತು. ಗುಡಿಯ ದೀಪ ಎಲ್ಲರನ್ನೂ ಬಳಿಗೆ ಕರೆಯುತ್ತದೆ. ಈ ದೀಪವಾದರೋ, ಇಲ್ಲಿ ಬಂಡೆಯಿದೆ, ನಿನ್ನ ಅಂತರದಲ್ಲಿ ನೀನು ಹೋಗು ಎನ್ನುತ್ತದೆ. ಅದೊಂದು ಎಚ್ಚರಿಕೆ. ಆ ಬೆಳಗ್ಗೆ ದೋಣಿಯವನು ಎಂಜಿನ್ ನಿಲ್ಲಿಸಿದ್ದೂ ಅಂಥದ್ದೇ ಎಚ್ಚರಿಕೆ.

ಏಳು ವರ್ಷಗಳ ನಂತರ, 2019ರ ಜನವರಿ 21ರಂದು, ಅದೇ ಕಡಲಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. ಅವರಲ್ಲಿ ನಮ್ಮಂತೆಯೇ ಒಳನಾಡಿನವರಾದ, ಹಾವೇರಿ ಜಿಲ್ಲೆಯಿಂದ ಬಂದ ಕುಟುಂಬದವರೂ ಇದ್ದರು. ಮಿತಿಮೀರಿ ಜನ ಹತ್ತಿದ್ದರು, ಜಾಕೆಟ್ ಇರಲಿಲ್ಲ ಎಂದು ಪತ್ರಿಕೆಗಳು ಬರೆದವು. ಅದನ್ನು ಓದಿದ ದಿನ “ಇದೆಲ್ಲ ಬೇಡಪ್ಪ” ಎಂದ ನನ್ನ ಮಾತೇ ಕಿವಿಯಲ್ಲಿ ಕೇಳಿಸುತ್ತಿತ್ತು.

2024ರ ಫೆಬ್ರವರಿಯಲ್ಲಿ ದೇಶದ 75 ದೀಪಸ್ತಂಭಗಳಲ್ಲಿನ ಪ್ರವಾಸಿ ಸೌಲಭ್ಯಗಳು ಲೋಕಾರ್ಪಣೆಯಾದವು. ಜನ ನೋಡಲಿ, ಸಂತೋಷವೇ. ಆದರೆ ಬೆನ್ನ ಹಿಂದೆ ಗೋಪುರ ಬರುವಂತೆ ಚಿತ್ರ ತೆಗೆಸಿಕೊಂಡು ಮರಳಿದರೆ ನೋಡಿದಂತಾಗಲಿಲ್ಲ. ಆ ದೀಪ ಏನು ಹೇಳುತ್ತದೆಂಬುದನ್ನು ಅಲ್ಲಿಯೇ ಮಕ್ಕಳಿಗೆ ಹೇಳಬೇಕು. ಜಾಕೆಟ್ ಇಲ್ಲದೆ ಯಾವ ದೋಣಿಯೂ ಹೊರಡಬಾರದು. ಅಷ್ಟೇ ಮುಖ್ಯವಾಗಿ, ಕಡಲಿಲ್ಲದ ನಮ್ಮ ಜಿಲ್ಲೆಯ ಶಾಲೆಗಳಲ್ಲಿಯೂ ಈಜು ಕಲಿಸಬೇಕು. ನಮ್ಮಲ್ಲಿ ಕೆರೆಗಳಿವೆ, ಹೇಮಾವತಿಯ ನಾಲೆಗಳಿವೆ. ಬೇಸಿಗೆ ರಜೆ ಬಂದರೆ ಮಕ್ಕಳು ನೀರಿಗಿಳಿಯುತ್ತಾರೆ. ಅಲ್ಲಿ ಯಾವ ದೀಪಸ್ತಂಭವೂ ಇಲ್ಲ. ಹಿರಿಯರ ಮಾತೊಂದೇ ಇರುವುದು.

ಮೂವತ್ತು ವರ್ಷ ಗಣಿತ, ಭೂಗೋಳ ಕಲಿಸಿದೆ. ಒಂದು ಮಗುವಿಗೂ ಈಜು ಕಲಿಸಲಿಲ್ಲ, ಕಲಿಸಿರೆಂದು ಯಾರನ್ನೂ ಒತ್ತಾಯಿಸಲೂ ಇಲ್ಲ. ನನ್ನ ವೃತ್ತಿಯ ಬಗ್ಗೆ ನನಗಿರುವ ಕೊರಗುಗಳಲ್ಲಿ ಇದೂ ಒಂದು. ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ಉಪಾಧ್ಯಾಯರು, ತಂದೆತಾಯಿಗಳು. ನಾನು ಬಿಟ್ಟ ಪಾಠವನ್ನು ದಯವಿಟ್ಟು ನೀವು ಮುಗಿಸಿ.