ಎತ್ತರ ಅಳೆಯುವ ನಿಯಮ, ದಾರಿ ನೋಡದ ತಪಾಸಣೆ

ಬೆಂಗಳೂರಿನ ನಗರ್ತಪೇಟೆಯಲ್ಲಿ 2025ರ ಆಗಸ್ಟ್ 16ರ ನಸುಕಿನಲ್ಲಿ ಹೊತ್ತಿಕೊಂಡ ಬೆಂಕಿಗೆ ಐವರು ಬಲಿಯಾದರು. ಅವರಲ್ಲಿ ನಾಲ್ವರು ಒಂದೇ ಕುಟುಂಬದವರು: ತಂದೆ, ತಾಯಿ ಮತ್ತು ಇಬ್ಬರು ಮಕ್ಕಳು. ಕೆಳಗೆ ಪ್ಲಾಸ್ಟಿಕ್ ಚಾಪೆ, ನೆಲಹಾಸುಗಳ ವ್ಯಾಪಾರ ಮತ್ತು ದಾಸ್ತಾನು. ಮೇಲೆ ಸಂಸಾರದ ವಾಸ. ನಗರದ ಹಳೆಯ ಪೇಟೆಗಳನ್ನು ಬಲ್ಲವರಿಗೆ ಇದರಲ್ಲಿ ಅಸಹಜವಾದುದೇನೂ ಕಾಣದು. ಚಿಕ್ಕಪೇಟೆಯಿಂದ ಕಲಾಸಿಪಾಳ್ಯದವರೆಗೆ ಇಂತಹ ಕಟ್ಟಡಗಳು ಒಂದಕ್ಕೊಂದು ಒರಗಿಕೊಂಡೇ ನಿಂತಿವೆ. ಅಸಹಜವಾದುದು ಬೇರೆಯೇ ಇದೆ. ಬೆಂಕಿ ಬಿದ್ದರೆ ಅತಿ ಹೆಚ್ಚು ಅಪಾಯ ಎಲ್ಲಿದೆಯೋ ಅಲ್ಲಿಗೆ ನಮ್ಮ ಅಗ್ನಿ ಸುರಕ್ಷತಾ ನಿಯಮಗಳು ಕಾಲಿಡುವುದೇ ಇಲ್ಲ.

ಈ ನಿಯಮಗಳ ಅಳತೆಗೋಲು ಕಟ್ಟಡದ ಎತ್ತರ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡ ಬಹುಮಹಡಿ ಕಟ್ಟಡ ಎನಿಸಿಕೊಳ್ಳುತ್ತದೆ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ನೀರಿನ ತೊಟ್ಟಿ, ಸ್ಪ್ರಿಂಕ್ಲರ್, ಎರಡನೆಯ ಮೆಟ್ಟಿಲು, ವಾಹನ ಸುತ್ತಿ ಬರುವಷ್ಟು ತೆರವು ಇವೆಲ್ಲ ಮುಖ್ಯವಾಗಿ ಎತ್ತರದ ಕಟ್ಟಡಗಳ ಲೆಕ್ಕಾಚಾರ. ಎತ್ತರ ಹೆಚ್ಚಿದಂತೆ ಇಳಿದು ಬರುವುದು ಕಷ್ಟ, ನಿಜ. ಆದರೆ ಇದೇ ಸಂಹಿತೆ ಕಟ್ಟಡಗಳನ್ನು ಅವುಗಳ ಬಳಕೆಗೆ ಅನುಗುಣವಾಗಿ ವಾಸ, ಶಿಕ್ಷಣ, ಜನ ಸೇರುವ ಸ್ಥಳ, ವ್ಯಾಪಾರ, ದಾಸ್ತಾನು, ಅಪಾಯಕಾರಿ ವಸ್ತು ಎಂದು ಮುಂತಾಗಿ ಒಂಬತ್ತು ಗುಂಪುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಎಚ್ಚರಿಕೆಗಳನ್ನು ಹೇಳಿದೆ. ಈ ಎರಡನೆಯ ಭಾಗ ಪುಸ್ತಕದಲ್ಲೇ ಉಳಿದಿದೆ.

ಸಮಸ್ಯೆಯ ಇನ್ನೊಂದು ಮುಖ ಕಾಲಕ್ಕೆ ಸಂಬಂಧಿಸಿದ್ದು. ನಮ್ಮ ವ್ಯವಸ್ಥೆ ಕಟ್ಟಡವನ್ನು ಅದರ ಹುಟ್ಟಿನ ದಿನ ಪರೀಕ್ಷಿಸುತ್ತದೆ. ನಕ್ಷೆ ಮಂಜೂರಾತಿ, ನಿರಾಕ್ಷೇಪಣಾ ಪತ್ರ, ಸ್ವಾಧೀನಾನುಭವ ಪತ್ರ ಎಲ್ಲವೂ ಆರಂಭದ ಸಂಸ್ಕಾರಗಳು. ಬೆಂಕಿಯಾದರೋ ಹತ್ತು, ಇಪ್ಪತ್ತು ವರ್ಷಗಳ ಬಳಿಕ ಬರುತ್ತದೆ. ಅಷ್ಟರಲ್ಲಿ ವಾಹನ ನಿಲುಗಡೆಯ ಜಾಗ ಗೋದಾಮಾಗಿರುತ್ತದೆ, ಮನೆ ಪೇಯಿಂಗ್ ಗೆಸ್ಟ್ ವಸತಿಯಾಗಿರುತ್ತದೆ, ತಾರಸಿ ಹೋಟೆಲಾಗಿರುತ್ತದೆ.

ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ನಡೆದ ದುರಂತವನ್ನು ಈ ದೃಷ್ಟಿಯಿಂದ ನೋಡಬೇಕು. ಅದು ಗುಡಿಸಲಲ್ಲ, ಗಲ್ಲಿಯ ಕಟ್ಟಡವೂ ಅಲ್ಲ. ಕಚೇರಿಗಳಿದ್ದ ಪ್ರತಿಷ್ಠಿತ ಸಂಕೀರ್ಣ. ವಿದ್ಯುತ್ ಕೇಬಲ್‌ಗಳು ಸಾಗುವ ಕೊಳವೆಯಂತಹ ಕಿಂಡಿಯ ಮೂಲಕ ಹೊಗೆ ಮೇಲಿನ ಅಂತಸ್ತುಗಳಿಗೆ ನುಗ್ಗಿತು. ಹೊರಬರಬೇಕಾದವರಿಗೆ ಎದುರಾದದ್ದು ಬೀಗ ಹಾಕಿದ ಬಾಗಿಲುಗಳು. ಕೆಲವರು ಗಾಜು ಒಡೆದು ಕೆಳಕ್ಕೆ ಜಿಗಿದರು. ಒಟ್ಟು ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಕೊಂದದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ ಮತ್ತು ಬೀಗ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರಲ್ಲಿ 59 ಮಂದಿ ಸತ್ತಾಗಲೂ ಕಾರಣ ಇವೇ ಆಗಿದ್ದವು: ಹೊಗೆ ಮತ್ತು ಮುಚ್ಚಿದ ದಾರಿ. ಬೀಗವನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಸಾಮಾನ್ಯ ದಿನವೊಂದರ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿ ನೋಡಿದವನಿಗೆ ಮಾತ್ರ ಅದು ಕಾಣುತ್ತದೆ.

ಕಲಾಸಿಪಾಳ್ಯದ ಕೈಲಾಶ್ ಬಾರ್‌ನಲ್ಲಿ 2018ರ ಜನವರಿ 8ರ ನಸುಕಿನಲ್ಲಿ ಬೆಂಕಿ ಬಿದ್ದಾಗ ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ಕಡತದ ಪ್ರಕಾರ ಅದು ಬಾರ್. ಬಾಗಿಲು ಹಾಕಿದ ಮೇಲೆ ಅದು ದುಡಿಯುವವರ ಮಲಗುವ ಮನೆ. ನಗರದ ಎಷ್ಟೋ ಹೋಟೆಲು, ಬೇಕರಿ, ಕಾರ್ಖಾನೆಗಳಲ್ಲಿ ಇಂದಿಗೂ ಇದೇ ಸ್ಥಿತಿ. ಹಗಲು ಹನ್ನೊಂದಕ್ಕೆ ಬಂದು ಅಗ್ನಿಶಾಮಕ ಸಿಲಿಂಡರಿನ ಅವಧಿ ಮುಗಿದಿದೆಯೇ ಎಂದು ನೋಡಿ ಹೋಗುವ ಅಧಿಕಾರಿಗೆ ರಾತ್ರಿ ಶಟರ್ ಎಳೆದ ಮೇಲೆ ಒಳಗೆ ಎಷ್ಟು ಜನ ಇರುತ್ತಾರೆಂಬುದು ತಿಳಿಯುವ ಬಗೆ ಹೇಗೆ?

ದೋಷವನ್ನೆಲ್ಲ ಅಧಿಕಾರಿಗಳ ತಲೆಗೆ ಕಟ್ಟಿ ನಾವು ಪಾರಾಗುವಂತಿಲ್ಲ. ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ 2021ರ ಸೆಪ್ಟೆಂಬರ್ 21ರಂದು ತಾಯಿ, ಮಗಳು ಇಬ್ಬರೂ ಬೆಂಕಿಗೆ ಆಹುತಿಯಾದರು. ಬಾಲ್ಕನಿಗೆ ಅಳವಡಿಸಿದ್ದ ಕಬ್ಬಿಣದ ಸರಳುಗಳ ಹಿಂದೆ ಮಹಿಳೆಯೊಬ್ಬರು ಸಿಕ್ಕಿಕೊಂಡು ಕೂಗುತ್ತಿದ್ದ ದೃಶ್ಯವನ್ನು ಅಂದು ರಾಜ್ಯವೆಲ್ಲ ನೋಡಿತು. ಆದರೂ ಅದರ ನಂತರ ನಮ್ಮಲ್ಲಿ ಎಷ್ಟು ಜನ ಬಾಲ್ಕನಿಯ ಗ್ರಿಲ್ಲಿಗೆ ಒಳಗಿನಿಂದ ತೆರೆಯಬಹುದಾದ ಕಿಂಡಿಯೊಂದನ್ನು ಇಡಿಸಿದೆವು? ಕಳ್ಳನ ಭಯ ನಮಗೆ ನಿತ್ಯದ್ದು, ಬೆಂಕಿಯ ಭಯ ಪತ್ರಿಕೆ ಓದಿದ ದಿನದ್ದು. ತಾರಸಿಯ ಬಾಗಿಲಿನ ಬೀಗದ ಕೈ ಸಂಘದ ಕಾರ್ಯದರ್ಶಿಯ ಮನೆಯ ಮೊಳೆಯಲ್ಲಿ ತೂಗುತ್ತಿರುತ್ತದೆ, ಅವರು ಊರಿಗೆ ಹೋಗಿರುತ್ತಾರೆ. ಮೆಟ್ಟಿಲ ತಿರುವುಗಳಲ್ಲಿ ಚಪ್ಪಲಿ ಗೂಡು, ಹಳೆಯ ಸೋಫಾ, ಮಕ್ಕಳು ಬಿಟ್ಟ ಸೈಕಲ್. ಎಲ್ಲರೂ ಲಿಫ್ಟ್ ಬಳಸುವುದರಿಂದ ಮೆಟ್ಟಿಲು ಉಗ್ರಾಣವಾಗಿ ಬಿಟ್ಟಿದೆ.

ಲಿಫ್ಟಿನ ಮಾತು ಬಂದುದರಿಂದ ಒಂದು ಹೋಲಿಕೆ. ಲಿಫ್ಟಿಗೆ ಪ್ರತ್ಯೇಕ ಕಾಯ್ದೆಯಿದೆ, ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿಯಿದೆ, ಪರಿಶೀಲನೆಯಿದೆ. ಆದರೆ ಬೆಂಕಿ ಬಿದ್ದಾಗ ಬಳಸಲೇಬಾರದೆಂದು ಹೇಳುವ ಸಾಧನವದು. ಆ ಗಳಿಗೆಯಲ್ಲಿ ಜೀವ ಉಳಿಸಬೇಕಾದ ಮೆಟ್ಟಿಲಿಗೆ ಅಂತಹ ಪರವಾನಗಿ ಇಲ್ಲ, ಅದನ್ನು ನೋಡಲೆಂದೇ ಬರುವವರೂ ಇಲ್ಲ.

ಕಾರಣ, ಹೊಣೆ ಹರಿದು ಹಂಚಿಹೋಗಿದೆ. ಅಂಗಡಿಗೆ ಉದ್ದಿಮೆ ಪರವಾನಗಿ ಕೊಡುತ್ತಿದ್ದುದು ಮಹಾನಗರ ಪಾಲಿಕೆಯ ಆರೋಗ್ಯ ವಿಭಾಗ. ನಕ್ಷೆ ನೋಡುವುದು ನಗರ ಯೋಜನಾ ವಿಭಾಗ. ವಿದ್ಯುತ್ ಸಂಪರ್ಕ ಬೆಸ್ಕಾಂನದು, ಬಾರ್ ಅಬಕಾರಿಯದು, ಪಟಾಕಿ ಮಳಿಗೆಯ ಕಡತ ಇನ್ನೊಂದು ಕಡೆ. ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ 2023ರ ಅಕ್ಟೋಬರ್ 7ರಂದು ಒಂದೇ ದಿನ ಹದಿನಾಲ್ಕು ಮಂದಿ ಸತ್ತಾಗ ಪರವಾನಗಿ ಯಾರದು, ದಾಸ್ತಾನು ಎಷ್ಟು, ನೋಡಬೇಕಾದವರು ಯಾರು ಎಂಬ ಪ್ರಶ್ನೆಗಳೇ ಮುಂದೆ ಬಂದವು. ಸಂವಿಧಾನದ 74ನೇ ತಿದ್ದುಪಡಿ ಅಗ್ನಿಶಾಮಕ ಸೇವೆಯನ್ನು ನಗರಸಭೆಗಳಿಗೆ ವಹಿಸಬಹುದಾದ ಹದಿನೆಂಟು ಕಾರ್ಯಗಳಲ್ಲಿ ಒಂದೆಂದು ಹೇಳಿದೆ. ಕರ್ನಾಟಕದಲ್ಲಿ ಅದು 1964ರ ಕಾಯ್ದೆಯ ಅಡಿಯಲ್ಲಿ ರಾಜ್ಯ ಸರ್ಕಾರದ ಇಲಾಖೆಯಾಗಿಯೇ ಉಳಿದಿದೆ. ಅದು ತಪ್ಪೆಂದೇನೂ ಅಲ್ಲ. ಆದರೆ ಬೆಂಕಿ ಆರಿಸಬಲ್ಲವರು ಒಂದೆಡೆ, ಅಂಗಡಿ ಮುಚ್ಚಿಸಬಲ್ಲವರು ಮತ್ತೊಂದೆಡೆ ಇರುವಾಗ ನೋಟಿಸಿಗೂ ಕ್ರಮಕ್ಕೂ ನಡುವೆ ಬೀಳುವ ಅಂತರ ಸಣ್ಣದಲ್ಲ. ಪಾಲಿಕೆಯ ಮನೆಯೂ ಸುರಕ್ಷಿತವಾಗಿರಲಿಲ್ಲ ಎಂಬುದನ್ನು ಮರೆಯಬಾರದು. 2023ರ ಆಗಸ್ಟ್ 11ರಂದು ಬಿಬಿಎಂಪಿ ಕೇಂದ್ರ ಕಚೇರಿ ಆವರಣದ ಗುಣನಿಯಂತ್ರಣ ಪ್ರಯೋಗಾಲಯದಲ್ಲಿಯೇ ಬೆಂಕಿ ಕಾಣಿಸಿಕೊಂಡು ಒಂಬತ್ತು ಮಂದಿ ಗಾಯಗೊಂಡರು. ಮುಖ್ಯ ಎಂಜಿನಿಯರ್ ಒಬ್ಬರು ಚಿಕಿತ್ಸೆ ಫಲಿಸದೆ ತೀರಿಕೊಂಡರು.

ಇದಕ್ಕೆ ಸರ್ಕಾರಗಳು ಇಷ್ಟಪಡುವ ಉತ್ತರ ಯಂತ್ರ. ರಾಜ್ಯ ಸರ್ಕಾರ 2023ರ ಆರಂಭದಲ್ಲಿ 90 ಮೀಟರ್ ಎತ್ತರಕ್ಕೆ ಚಾಚಬಲ್ಲ ಏಣಿ ವಾಹನವನ್ನು 30 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ತರಿಸಿ ಸೇವೆಗೆ ಅರ್ಪಿಸಿತು. ಗಗನಚುಂಬಿಗಳು ಬೆಳೆಯುತ್ತಿರುವ ಊರಿಗೆ ಅದು ಬೇಕು. ಆದರೆ ನಗರ್ತಪೇಟೆಯ ಗಲ್ಲಿಗೆ ಆ ಏಣಿಯ ಉಪಯೋಗವಿಲ್ಲ. ಅಲ್ಲಿ ಬೇಕಾದದ್ದು ಬಟ್ಟೆ, ಪ್ಲಾಸ್ಟಿಕ್ ರಾಶಿ ಬೀಳದ ಮೂರಡಿ ಅಗಲದ ದಾರಿ.

ತಪಾಸಣೆ ಹೆಚ್ಚಬೇಕು ಎಂದ ಕೂಡಲೇ ಸಣ್ಣ ವ್ಯಾಪಾರಿಗಳಿಂದ ಬರುವ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಅವರ ಅನುಭವದಲ್ಲಿ ತಪಾಸಣೆ ಎಂದರೆ ಮಾಮೂಲಿನ ಇನ್ನೊಂದು ಕಂತು. ಪಟ್ಟಿಯಲ್ಲಿ ನಲವತ್ತು ಅಂಶಗಳಿದ್ದರೆ ಯಾವ ಅಂಗಡಿಯೂ ಪೂರ್ಣವಾಗಿ ತೇರ್ಗಡೆಯಾಗದು. ತೇರ್ಗಡೆಯಾಗದವನು ತಪಾಸಕನ ಕೈಯೊಳಗಿರುತ್ತಾನೆ. ಆದ್ದರಿಂದ ಸಣ್ಣ ಕಟ್ಟಡಗಳ ಪಟ್ಟಿ ಚಿಕ್ಕದಾಗಿರಬೇಕು. ಹೊರಹೋಗುವ ದಾರಿ ತೆರೆದಿದೆಯೇ, ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯುತ್ತದೆಯೇ, ದಾಸ್ತಾನಿನ ಮೇಲ್ಗಡೆ ಯಾರಾದರೂ ಮಲಗುತ್ತಾರೆಯೇ, ವಿದ್ಯುತ್ ಮೀಟರುಗಳು ಮೆಟ್ಟಿಲ ಬುಡದಲ್ಲಿಯೇ ಇವೆಯೇ ಎಂಬಿಷ್ಟೇ ಮೊದಲಿಗೆ ಸಾಕು. ಉತ್ತರವನ್ನು ತಪಾಸಕನ ಹೆಸರು, ದಿನಾಂಕದೊಂದಿಗೆ ಕಟ್ಟಡದ ಮುಂಬಾಗಿಲಿಗೇ ಅಂಟಿಸಬೇಕು. ಬೀರುವಿನಲ್ಲಿರುವ ವರದಿಯನ್ನು ತಿದ್ದಬಹುದು. ಬೀದಿಗೆ ಕಾಣುವ ಕಾಗದವನ್ನು ಬಾಡಿಗೆದಾರ, ಗಿರಾಕಿ, ಅಲ್ಲಿ ಮಲಗುವ ಹುಡುಗ ಎಲ್ಲರೂ ಓದಬಹುದು, ಪ್ರಶ್ನಿಸಬಹುದು.

ಇದನ್ನು ಈಗಲೇ ಹೇಳಬೇಕಾದ ಕಾರಣವಿದೆ. 2025ರಲ್ಲಿ ಬಿಬಿಎಂಪಿ ಇತಿಹಾಸಕ್ಕೆ ಸೇರಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಬಂದಿವೆ. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನೀಡಿದ ತೀರ್ಪು ರಾಜ್ಯದಲ್ಲಿ ದೊಡ್ಡ ಸಂಕಟವನ್ನೇ ತಂದಿತು. ಮನೆ ಕಟ್ಟಿದವರು ಸಂಪರ್ಕವಿಲ್ಲದೆ ಪರದಾಡಿದರು. ಕೊನೆಗೆ 1,200 ಚದರ ಅಡಿವರೆಗಿನ ನಿವೇಶನಗಳಲ್ಲಿ ನೆಲಮಹಡಿಯ ಮೇಲೆ ಎರಡು ಅಥವಾ ಸ್ಟಿಲ್ಟ್ ಮೇಲೆ ಮೂರು ಅಂತಸ್ತಿನ ವಾಸದ ಮನೆಗಳಿಗೆ ಸರ್ಕಾರ ಆ ಪತ್ರದಿಂದ ವಿನಾಯಿತಿ ನೀಡಿತು. ಸಾವಿರಾರು ಸಾಮಾನ್ಯ ಕುಟುಂಬಗಳಿಗೆ ಅದು ನ್ಯಾಯವೇ. ಆದರೆ ಹುಟ್ಟಿನ ದಿನದ ಆ ಒಂದು ಪರೀಕ್ಷೆಯೂ ಇಲ್ಲದಾದ ಮೇಲೆ, ವಾಸದ ಮನೆಯೆಂದು ವಿನಾಯಿತಿ ಪಡೆದ ಕಟ್ಟಡದ ಕೆಳಗೆ ನಾಳೆ ಚಾಪೆ ಗೋದಾಮು ಬಂದರೆ ಅದನ್ನು ಕಾಣುವ ಕಣ್ಣು ಯಾವುದು? ಐದು ಪಾಲಿಕೆಗಳು ಉದ್ದಿಮೆ ಪರವಾನಗಿಯನ್ನು ನವೀಕರಿಸುವ ಮುನ್ನ ಅಗ್ನಿಶಾಮಕ ಇಲಾಖೆಯೊಂದಿಗೆ ಜಂಟಿಯಾಗಿ ಸ್ಥಳ ನೋಡುವ ನಿಯಮ ಮಾಡಿಕೊಂಡರೆ ಇದಕ್ಕೆ ಹೊಸ ಕಾಯ್ದೆಯೇನೂ ಬೇಕಾಗದು. ಬೇಕಾಗುವುದು ಸಿಬ್ಬಂದಿ, ಮತ್ತು ಪೇಟೆಯ ಹಳೆಯ ಕಟ್ಟಡಗಳಲ್ಲಿ ದಾಸ್ತಾನು, ವಾಸ ಎರಡೂ ಒಟ್ಟಿಗೆ ಇರುವೆಡೆ ಯಾವುದನ್ನು ತೆರವುಗೊಳಿಸಬೇಕು, ತೆರವಾದವರಿಗೆ ಜಾಗ ಎಲ್ಲಿ ಎಂಬ ಕಠಿಣ ಪ್ರಶ್ನೆಗೆ ಉತ್ತರ. ಆ ಉತ್ತರವನ್ನು ವರ್ತಕರ ಸಂಘಗಳ ಜೊತೆ ಕುಳಿತು ಕಂಡುಕೊಳ್ಳುವ ಕೆಲಸ ಇನ್ನಷ್ಟೇ ಆಗಬೇಕಿದೆ.